ಚಿತ್ರದಲ್ಲಿ ಕಾಣದ ಗೆಲಾಕ್ಸಿ: ಎಚ್‌ಡಿಎಫ್ 850.1ರ ಶೋಧ

1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕವು ಸಪ್ತರ್ಷಿಮಂಡಲದ ಒಂದು ಕಿರುಭಾಗವನ್ನು ಹತ್ತು ದಿನಗಳ ಕಾಲ ನೋಡಿ ತೆಗೆದ ಚಿತ್ರವು ಖಗೋಳಶಾಸ್ತ್ರದ ಅಭ್ಯಾಸಿಗಳಿಗೆ ಸುಪರಿಚಿತವಾದುದು. ಬರಿದೆಂದು ತೋರುತ್ತಿದ್ದ ಆ ಎಡೆಯಲ್ಲಿ ಸಾವಿರಾರು ಗೆಲಾಕ್ಸಿಗಳು ಗೋಚರಿಸಿದವು. ಅವುಗಳ ನೇರಳಾತೀತ ಕಾಂತಿಯನ್ನು ಅಳೆದು, ಪುರಾತನ ವಿಶ್ವದಲ್ಲಿ ನಕ್ಷತ್ರಗಳು ಎಷ್ಟು ವೇಗವಾಗಿ ಜನಿಸುತ್ತಿದ್ದುವೆಂದು ಗಣಿಸುವ ಪ್ರಯತ್ನವೂ ಮರುವರ್ಷವೇ ನಡೆಯಿತು. ಎಳೆಯ ಬೃಹತ್ ನಕ್ಷತ್ರಗಳು ನೇರಳಾತೀತ ಕಿರಣಗಳನ್ನು ಹೇರಳವಾಗಿ ಸೂಸುವುದರಿಂದ ಈ ಕ್ರಮವು ಯುಕ್ತವಾದುದೇ ಸರಿ. ಆದರೆ ಧೂಳು ಆ ಕಿರಣಗಳನ್ನೇ ವಿಶೇಷವಾಗಿ ಹೀರಿ, ಬೆಚ್ಚಗಾಗಿ, ಆ ಶಕ್ತಿಯನ್ನು ದೀರ್ಘ ತರಂಗಗಳ ರೂಪದಲ್ಲಿ ಹೊರಗೆಡಹುತ್ತದೆ. ಹಾಗಾದರೆ, ಚಿತ್ರದಲ್ಲಿ ಕಂಡವುಗಳನ್ನಷ್ಟೇ ಎಣಿಸಿದ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರವು 1998ರಲ್ಲಿ ದೊರೆಯಿತು. ಹವಾಯಿಯ ಮೌನಾ ಕೇಯಾ ಶಿಖರದ ಮೇಲಿರುವ, 15 ಮೀಟರ್ ವ್ಯಾಸದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕಕ್ಕೆ ಸ್ಕೂಬಾ ಎಂಬ ಉಪಕರಣವನ್ನು ಜೋಡಿಸಿ, ಡೇವಿಡ್ ಹ್ಯೂಸ್ ಮತ್ತು ಅವರ ಸಹೋದ್ಯೋಗಿಗಳು ಅದೇ ಎಡೆಯನ್ನು 850 ಮೈಕ್ರಾನ್ ತರಂಗಾಂತರದಲ್ಲಿ ಪರೀಕ್ಷಿಸಿದರು. ಈ ತರಂಗಾಂತರಕ್ಕೆ ಒಂದು ವಿಚಿತ್ರ ಅನುಕೂಲವುಂಟು. ವಸ್ತುವು ದೂರವಾದಂತೆಲ್ಲ ಅದರ ಧೂಳಿನ ಅತ್ಯುಜ್ವಲ ವಿಕಿರಣವು ವಿಶ್ವದ ವಿಸ್ತರಣೆಯಿಂದ ಹಿಗ್ಗಿ 850 ಮೈಕ್ರಾನಿನತ್ತ ಸರಿಯುವುದರಿಂದ, ದೂರದಿಂದುಂಟಾಗುವ ಮಂಕು ಬಹುಪಾಲು ಸರಿತೂಗುತ್ತದೆ. ಸ್ಕೂಬಾಗೆ ಐದು ಮೂಲಗಳು ಕಂಡವು. ಅವುಗಳ ಆಧಾರದ ಮೇಲೆ, ಆ ಪ್ರಾಚೀನ ಯುಗದ ನಕ್ಷತ್ರಜನನದ ಪ್ರಮಾಣವು ನೇರಳಾತೀತ ಗಣನೆಗಿಂತ ಕನಿಷ್ಠ ಐದು ಪಟ್ಟು ಹೆಚ್ಚೆಂದು ಅವರು ಪ್ರತಿಪಾದಿಸಿದರು. ಎಲ್ಲಕ್ಕಿಂತ ಪ್ರಕಾಶಮಾನವಾಗಿದ್ದ ಎಚ್‌ಡಿಎಫ್ 850.1ಕ್ಕೆ ಹಬಲ್ ಚಿತ್ರದಲ್ಲಿ ನಿಶ್ಚಿತವಾದ ಪ್ರತಿರೂಪವೇ ಇರಲಿಲ್ಲ!

ದೂರದರ್ಶಕದ ನೋಟವು ಸ್ಥೂಲವಾದುದರಿಂದ ಅದರ ವ್ಯಾಪ್ತಿಯಲ್ಲಿ ಹಲವು ಗೆಲಾಕ್ಸಿಗಳು ಸೇರಿದ್ದವು. ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿನ ಪ್ಲಾಟೋ ದ ಬ್ಯೂರ್ ವ್ಯತಿಕರಣಮಾಪಕವು 1999ರಲ್ಲಿ ಸ್ಥಾನವನ್ನು ನಿಖರಗೊಳಿಸಿತಾದರೂ, ದೂರವು ನಿರ್ಣಯವಾಗಲಿಲ್ಲ. ಬೆಳಕೇ ಕಾಣದ ವಸ್ತುವಿನ ರೋಹಿತವನ್ನು ತೆಗೆಯುವುದೆಂತು? ಕೊನೆಗೆ ನೆರವಾದುದು ಅನಿಲ. 2012ರಲ್ಲಿ ಫೇಬಿಯನ್ ವಾಲ್ಟರ್ ಮತ್ತು ಸಂಗಡಿಗರು ಕಾರ್ಬನ್ ಮಾನಾಕ್ಸೈಡಿನ ರೇಖೆಗಳನ್ನೂ ಅಯಾನೀಕೃತ ಕಾರ್ಬನ್ನಿನ ರೇಖೆಯನ್ನೂ ಪತ್ತೆಹಚ್ಚಿದರು. 157.7 ಮೈಕ್ರಾನಿನಲ್ಲಿರಬೇಕಾದ ಕಾರ್ಬನ್ ರೇಖೆಯು ಸುಮಾರು 975 ಮೈಕ್ರಾನಿನಷ್ಟಕ್ಕೆ ಸರಿದಿದ್ದಿತು. ಅಂದರೆ ಕೆಂಪು ಪಲ್ಲಟ 5.183. ಆ ಬೆಳಕು ಹೊರಟಾಗ ವಿಶ್ವದ ವಯಸ್ಸು ಸುಮಾರು 110 ಕೋಟಿ ವರ್ಷ. ಅಲ್ಲಿ ವರ್ಷಕ್ಕೆ ಸುಮಾರು 850 ಸೂರ್ಯರಷ್ಟು ದ್ರವ್ಯವು ನಕ್ಷತ್ರಗಳಾಗಿ ಮಾರ್ಪಡುತ್ತಿದ್ದಿತು. ಇಂದಿನ ನಮ್ಮ ಆಕಾಶಗಂಗೆಯಲ್ಲಿ ಈ ಪ್ರಮಾಣವು ಒಂದೆರಡು ಸೂರ್ಯರಷ್ಟು ಮಾತ್ರ.

ಹೀಗೆ ಮೊದಲು ಧೂಳು, ಅನಂತರ ಅನಿಲ ಪತ್ತೆಯಾದವು. ಆ ಧೂಳನ್ನು ಕಾಯಿಸುತ್ತಿದ್ದ ನಕ್ಷತ್ರಗಳಾದರೋ ಸ್ಪಷ್ಟವಾಗಿ ಕಂಡದ್ದು ವೆಬ್ ದೂರದರ್ಶಕದ ಅವಕೆಂಪು ಕ್ಯಾಮೆರಾಕ್ಕೆ. 2024ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎಚ್‌ಡಿಎಫ್ 850.1 ಎರಡು ಭಾಗಗಳಾಗಿ ತೋರಿತು. ಧೂಳಿನ ಮುಸುಕು ಎರಡರಲ್ಲಿಯೂ ಒಂದೇ ಸಮನಾಗಿರಲಿಲ್ಲ.