ಆಟಕ್ಕೊಂದು ಕೊನೆ ಬೇಡವೇ?



ನಮ್ಮ ರಾಜಘಟ್ಟದ ನೆಲದಡಿ 2001ರಲ್ಲಿ ದೊರೆತ ಬೌದ್ಧ ಚೈತ್ಯದ ಬಗ್ಗೆ ಬರೆಯುವ ಮೇಷ್ಟರಿಗೆ ಮೊಬೈಲಿನ ಗುಂಡಿನಾಟದ ಗೊಡವೆ ಏಕೆಂದು ನೀವು ಕೇಳಬಹುದು. ಆಟಗಳಿಗೂ ಇತಿಹಾಸವಿದೆ. ಅರಳಿಕಟ್ಟೆಯ ಮೇಲೆ ತಲೆ ತಗ್ಗಿಸಿ ಆಡುವ ಹುಡುಗರನ್ನು ಬರಿದೆ ಬೈಯುವುದಕ್ಕಿಂತ, ಆ ಆಟವನ್ನು ಕಟ್ಟಿದವರು ಅದನ್ನು ಹೇಗೆ ತಿದ್ದುತ್ತ ಬಂದರೆಂದು ಅರಿಯುವುದು ಮೇಲು.

1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ಎಂಬ ತಂತ್ರಜ್ಞ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟವನ್ನು ರಚಿಸಿದರು. ಶತ್ರುಗಳನ್ನು ಹೊಡೆದಷ್ಟೂ ಯಂತ್ರದ ಹೊರೆ ಇಳಿದು, ಉಳಿದವರು ವೇಗವಾಗಿ ಚಲಿಸತೊಡಗಿದರು. ಅದನ್ನು ದೋಷವೆಂದು ಅಳಿಸದೆ ಅವರು ಆಟದ ಗುಣವಾಗಿಯೇ ಉಳಿಸಿಕೊಂಡರು. ನಾಮ್ಕೊ ಸಂಸ್ಥೆ 1979ರ ತನ್ನ 'ಗ್ಯಾಲಾಕ್ಸಿಯನ್' ಆಟವನ್ನು ಪರಿಷ್ಕರಿಸಿ 1981ರಲ್ಲಿ 'ಗ್ಯಾಲಗ'ವನ್ನು ತಂದಿತು. ಅದರಲ್ಲಿ ಶತ್ರು ನಮ್ಮ ನೌಕೆಯನ್ನು ಸೆರೆಹಿಡಿಯಬಲ್ಲ. ಅದನ್ನು ಬಿಡಿಸಿಕೊಂಡರೆ ಎರಡು ನೌಕೆಗಳು ಜೋಡಿಯಾಗಿ ಗುಂಡು ಹಾರಿಸುತ್ತವೆ. ಆದರೆ ಜೋಡಿ ನೌಕೆ ಶತ್ರುವಿಗೂ ದೊಡ್ಡ ಗುರಿ! ಲಾಭದ ಬೆನ್ನಿಗೇ ಅಪಾಯವನ್ನಿಟ್ಟ ಈ ಜಾಣ್ಮೆಯನ್ನು ಮೆಚ್ಚಲೇಬೇಕು. ಇವೆಲ್ಲ ನಾಣ್ಯ ಹಾಕಿ ಆಡುವ ಯಂತ್ರಗಳು. ಜೇಬು ಬರಿದಾದರೆ ಆಟ ಮುಗಿಯಿತು. ನಮ್ಮ ಚಿನ್ನಿದಾಂಡು ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತಿದ್ದಂತೆ, ಅವುಗಳಿಗೂ ಒಂದು ಕೊನೆಯಿತ್ತು.

ಐರ್ಲೆಂಡಿನ ಬ್ರೆಂಡನ್ ಗ್ರೀನ್ ಕೊರಿಯಾದ ಕಂಪನಿಯೊಂದರಲ್ಲಿ ರೂಪಿಸಿದ 'ಪಬ್‌ಜಿ' 2017ರಲ್ಲಿ ಕಂಪ್ಯೂಟರಿಗೂ 2018ರಲ್ಲಿ ಮೊಬೈಲಿಗೂ ಬಂತು. ನೂರು ಮಂದಿ ಒಂದು ದ್ವೀಪದಲ್ಲಿ ಇಳಿಯುತ್ತಾರೆ. ಸುರಕ್ಷಿತವಾದ ವೃತ್ತವು ಕ್ರಮೇಣ ಕುಗ್ಗಿ, ಉಳಿದವರನ್ನು ಎದುರುಬದುರು ತಂದು ನಿಲ್ಲಿಸುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಪಂದ್ಯ ಮುಗಿಯಲೇಬೇಕು. ಎಂತಹ ಅಚ್ಚುಕಟ್ಟು! ಆದರೆ ಮರುಪಂದ್ಯಕ್ಕೆ ನಾಣ್ಯ ಬೇಡ, ಕತ್ತಲೆಯ ತಡೆಯೂ ಇಲ್ಲ. ಪಂದ್ಯಕ್ಕೆ ಕೊನೆಯಿದ್ದರೂ ಆಟಕ್ಕೆ ಕೊನೆಯಿಲ್ಲವಾಯಿತು.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿಯೂ ಒಂದು. ಅಂದು ಸರ್ಕಾರ ನೀಡಿದ ಕಾರಣ ದೇಶದ ಭದ್ರತೆಯೇ ಹೊರತು ಮಕ್ಕಳ ಚಿಂತೆಯಲ್ಲ. ಬಳಿಕ ಕೊರಿಯಾದ ಕ್ರಾಫ್ಟನ್ ಸಂಸ್ಥೆಯು ನಮ್ಮ ಬೆಂಗಳೂರಿನಲ್ಲಿ ಶಾಖೆ ತೆರೆದು, 2021ರ ಜುಲೈ 2ರಂದು 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಪರಿಷ್ಕೃತ ರೂಪವನ್ನು ಬಿಡುಗಡೆ ಮಾಡಿತು. ದ್ವೀಪ ಅದೇ, ವೃತ್ತವೂ ಅದೇ. ಆದರೆ ಕೆಂಪು ನೆತ್ತರು ಹಸಿರಾಯಿತು. ಹದಿನೆಂಟು ತುಂಬದವರು ಪೋಷಕರ ಫೋನ್ ಸಂಖ್ಯೆ ಕೊಡಬೇಕಾಯಿತು. ಅವರಿಗೆ ದಿನಕ್ಕೆ 3 ಗಂಟೆಯ ಆಟ ಮತ್ತು 7,000 ರೂಪಾಯಿ ಖರ್ಚಿನ ಮಿತಿ ಬಂತು. 2022ರ ಜುಲೈನಲ್ಲಿ ಸರ್ಕಾರದ ಆದೇಶದಂತೆ ಕಣ್ಮರೆಯಾದ ಆಟ 2023ರ ಮೇ ತಿಂಗಳಲ್ಲಿ ಮರಳಿದಾಗ ವಯಸ್ಕರಿಗೂ 6 ಗಂಟೆಯ ಗಡಿ ಬಿದ್ದಿತು.

ನೆತ್ತರಿಗೆ ಬಣ್ಣ ಬದಲಿಸಿದ್ದು ಬರಿಯ ಸುಣ್ಣ ಬಳಿದಂತೆ. ಹೊಸ ಬಂದೂಕು, ಹೊಸ ಉಡುಪುಗಳೂ ಅಷ್ಟೆ. ಕಾಲಮಿತಿಯೊಂದೇ ನನ್ನ ದೃಷ್ಟಿಯಲ್ಲಿ ನಿಜವಾದ ಸುಧಾರಣೆ. ಏಕೆಂದರೆ ಅದು ಆಟಕ್ಕೆ ಕಳೆದುಹೋಗಿದ್ದ ಕೊನೆಯನ್ನು ಮರಳಿ ತರಲು ಯತ್ನಿಸಿತು. ಆದರೆ ಆ ಬೇಲಿಯ ಗೂಟ ಸಡಿಲ. ಯಂತ್ರ ಎಣಿಸುವುದು ಖಾತೆಯನ್ನು, ಮಗುವನ್ನಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳನ್ನೇ ನೋಡಿ: ಅಪ್ಪ ಅಮ್ಮ ಇಬ್ಬರೂ ಮಗ್ಗದ ಸದ್ದಿನ ನಡುವೆ, ಮನೆಗೊಂದೇ ಫೋನು, ಅದು ಮಗನ ಕೈಯಲ್ಲಿ. ಪೋಷಕರ ಅನುಮತಿ ಕೇಳುವ ಸಂದೇಶವೂ ಅವನ ಕೈಗೇ ಬರುತ್ತದೆ!

ಈಗ ತಂದೆತಾಯಿಗಳಾಗಿರುವ ನನ್ನ ಶಿಷ್ಯರಲ್ಲಿ ಒಂದು ಮಾತು. ಪಂದ್ಯದ ನಡುವೆ ಫೋನ್ ಕಿತ್ತುಕೊಳ್ಳಬೇಡಿ. ನಾಲ್ವರ ತಂಡದಲ್ಲಿ ಒಬ್ಬ ನಡುವೆ ಎದ್ದುಹೋದರೆ ಉಳಿದ ಮೂವರು ಸೋಲಬಹುದು; ಹುಡುಗನ ಸಿಟ್ಟಿಗೆ ಅದೂ ಕಾರಣ. ಎಷ್ಟು ಪಂದ್ಯವೆಂದು ಮೊದಲೇ ಮಾತಾಗಲಿ. ವೃತ್ತ ಮುಚ್ಚುವತನಕ ಆಡಲಿ. "ಇನ್ನೊಂದೇ ಒಂದು" ಎಂದಾಗ ಮಾತ್ರ ಬೇಡವೆನ್ನಿ, ಮತ್ತು ಅದಕ್ಕೆ ಗಟ್ಟಿಯಾಗಿ ನಿಲ್ಲಿ.