ಬರೆಯುವವರಿಲ್ಲದ ಲೆಕ್ಕ

ಸರಕಾರದ ಹಳೆಯ ವರದಿಗಳನ್ನು ಓದುವ ಗೀಳು ಕನ್ನಡದ ಮೇಷ್ಟರಿಗೇಕೆ ಎಂದು ನನ್ನ ಮಿತ್ರರು ಹಾಸ್ಯಮಾಡುವುದುಂಟು. ಓಲೆಗರಿಗಳ ಪಾಠಾಂತರ ನೋಡಿ ಪಳಗಿದ ಕಣ್ಣಿಗೆ ಅಂಕಿಗಳ ಪಟ್ಟಿಯೂ ಒಂದು ಹಸ್ತಪ್ರತಿಯೇ. ಬರೆದವನಾರು, ಯಾರನ್ನು ಕೇಳಿ ಬರೆದ, ಎಲ್ಲಿ ಗರಿ ಲುಪ್ತವಾಗಿದೆ ಎಂದು ಅಲ್ಲಿಯೂ ವಿಚಾರಿಸದೆ ವಿಧಿಯಿಲ್ಲ. 1918ರ ಇನ್‌ಫ್ಲುಯೆಂಜಾ ನಮ್ಮ ಬೇಸಾಯಕ್ಕೆ, ಬದುಕಿಗೆ ತಂದ ನಷ್ಟವೆಷ್ಟೆಂದು ಅರಿಯಹೊರಟವರಿಗೆ ಈ ವಿಚಾರಣೆ ತಪ್ಪಿದ್ದಲ್ಲ.

ಆ ವರ್ಷ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಬೇನೆ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಮಾರಿಯಾಗಿ ಮರಳಿತು. ಮುಂಗಾರಿನ ಪೈರು ಕೊಯ್ಯುವ, ಹಿಂಗಾರಿಗೆ ಬಿತ್ತುವ ಕಾಲವದು. ಸಾಲದುದಕ್ಕೆ ಮಳೆಯೂ ಕೈಕೊಟ್ಟಿತ್ತು. ಹೊಲ ಪಾಳು ಬಿದ್ದುದು ಮಳೆಯಿಲ್ಲದೆಯೋ ಆಳಿಲ್ಲದೆಯೋ? ಇದನ್ನು ಬಿಡಿಸಿ ಹೇಳಲು ಇರುವ ಸಾಕ್ಷಿಗಳು ಆರೋಗ್ಯ ಇಲಾಖೆಯ ಮರಣದ ಲೆಕ್ಕ, ಪ್ರಾಂತಗಳ ಮಳೆಬೆಳೆ ವರದಿ, ಬೆಲೆ ಮತ್ತು ಕೂಲಿಯ ವಾರ್ಷಿಕ ಸಂಪುಟ, ಕೊನೆಗೆ 1921ರ ಖಾನೇಷುಮಾರಿ.

ಮರಣದ ಲೆಕ್ಕ ಹುಟ್ಟುತ್ತಿದ್ದುದು ಹಳ್ಳಿಯಲ್ಲಿ. ಪಟೇಲನೋ ಕುಲಕರ್ಣಿಯೋ ಚೌಕಿದಾರನೋ ಕೊಟ್ಟ ಸುದ್ದಿಯೇ ಅದಕ್ಕೆ ಮೂಲ. ವೈದ್ಯನನ್ನೇ ಕಾಣದ ಊರಿನಲ್ಲಿ ಸತ್ತವರ ಹೆಸರಿನ ಮುಂದೆ ‘ಜ್ವರ’ ಎಂದು ಬರೆದರೆ ಮುಗಿಯಿತು. ಬರೆಯುವವನೇ ಹಾಸಿಗೆ ಹಿಡಿದಾಗ ಅದೂ ಇಲ್ಲ! ಮೊದಲ ಸರಕಾರಿ ಅಂದಾಜಿನಂತೆ ದೇಶದಲ್ಲಿ ಸತ್ತವರು ಸುಮಾರು 60 ಲಕ್ಷ. 1921ರ ಗಣತಿಯ ವರದಿ ಅದನ್ನು ಇಮ್ಮಡಿಗೊಳಿಸಿ 1 ಕೋಟಿ 20 ಲಕ್ಷಕ್ಕೂ ಮಿಗಿಲೆಂದಿತು. ಅನಂತರದ ಕೆಲವು ಪಂಡಿತರು 2 ಕೋಟಿಯ ಸಮೀಪಕ್ಕೆ ಒಯ್ದಿದ್ದಾರೆ. ಬೆಳೆಯ ಲೆಕ್ಕ ಕೆಲವೆಡೆ ಇದಕ್ಕಿಂತ ವಾಸಿ. ಶಾನುಭೋಗರಿದ್ದ ಸೀಮೆಗಳಲ್ಲಿ ಹೊಲದ ಪಹಣಿ ಇತ್ತು. ಜಮೀನ್ದಾರಿಯ ಬಂಗಾಳದಲ್ಲಿ ಅಂಥ ಹಳ್ಳಿಯ ನೌಕರನೇ ಇಲ್ಲದುದರಿಂದ ಅಲ್ಲಿಯದು ಬಹುಮಟ್ಟಿಗೆ ಊಹೆ.

ಈ ಜೀರ್ಣ ದಫ್ತರಗಳ ಮೇಲೆ ಮುಂದೆ ದೊಡ್ಡದೊಂದು ವಾದ ನಿಂತಿತು. ಭಾರತದ ಹಳ್ಳಿಗಳಲ್ಲಿ ಕೈಗಳು ಅತಿಯಾಗಿವೆ, ಕೆಲವರನ್ನು ತೆಗೆದರೂ ಬೆಳೆ ಕುಗ್ಗದು ಎಂಬ ಮಾತು ಆಗ ಅರ್ಥಶಾಸ್ತ್ರಜ್ಞರಲ್ಲಿ ರೂಢಿಯಲ್ಲಿತ್ತು. ಅಮೆರಿಕದ ಥಿಯೊಡೋರ್ ಶುಲ್ಟ್ಸ್ 1964ರಲ್ಲಿ ಇದನ್ನು ಒರೆಗೆ ಹಚ್ಚಿದರು. ಬರದ ವರ್ಷವನ್ನು ಬಿಟ್ಟು, 1916-17ನ್ನು 1919-20ರೊಡನೆ ಹೋಲಿಸಿದರು. ಬೇಸಾಯದ ದುಡಿಮೆಗಾರರು ಶೇಕಡಾ 8ರಷ್ಟು ಕಡಮೆಯಾದರು, ಬಿತ್ತಿದ ನೆಲ ಶೇಕಡಾ 3.8 ಕುಗ್ಗಿತು, ಆದ್ದರಿಂದ ಆ ಕೈಗಳು ಬೇಡದ ಕೈಗಳಾಗಿರಲಿಲ್ಲ ಎಂದರು. 1967ರಲ್ಲಿ ಅಮರ್ತ್ಯ ಸೇನ್ ಈ ಪರೀಕ್ಷೆಯನ್ನೇ ಆಕ್ಷೇಪಿಸಿದರು. ಮನೆಗೊಬ್ಬರಂತೆ ಪಟ್ಟಣಕ್ಕೆ ಹೋಗುವುದು ಬೇರೆ, ಸಾವು ಒಂದು ಮನೆಯನ್ನು ಬರಿದುಮಾಡಿ ಇನ್ನೊಂದನ್ನು ಮುಟ್ಟದೆ ಹೋಗುವುದು ಬೇರೆ ತಾನೆ?

ವಾದದಲ್ಲಿ ಸೇನರ ಕೈ ಮೇಲೆಂದೇ ನನಗೆ ತೋರುತ್ತದೆ. ಆದರೂ ಸತ್ತವರು ಲೆಕ್ಕಕ್ಕೆ ಬೇಕಾದವರೇ ಎಂದು ಶುಲ್ಟ್ಸ್ ಹೇಳಿದ್ದು ಮನಸ್ಸಿಗೆ ಒಪ್ಪುವ ಮಾತು. ಇಬ್ಬರ ಅಂಕಿಗಳಿಂದಲೂ ತಪ್ಪಿಸಿಕೊಂಡದ್ದು ಮತ್ತೊಂದಿದೆ. ಈ ಬೇನೆಗೆ ಗಂಡಸರಿಗಿಂತ ಹೆಂಗಸರೇ ಹೆಚ್ಚು ಬಲಿಯಾದರು, ಅದರಲ್ಲಿಯೂ ಹರೆಯದವರು. ಕೂಲಿಯ ಸಂಪುಟದಲ್ಲಿ ಕೂಲಿ ಪಡೆದವರಿಗೆ ಸ್ಥಳವುಂಟು. ಸ್ವಂತ ಹೊಲದಲ್ಲಿ ಕಳೆ ಕಿತ್ತು, ನೀರು ಹೊತ್ತು, ರೋಗಿಗೆ ಗಂಜಿ ಕಾಸುತ್ತ ತಾನೂ ಮಲಗಿದವಳ ದುಡಿಮೆಗೆ ಯಾವ ಪಟ್ಟಿಯಲ್ಲಿ ಸ್ಥಳ?

2020ರಲ್ಲಿ ಕೊರೊನಾ ಬಂದಾಗ ಹಳೆಯ ಕಥೆ ಹೊಸ ವೇಷದಲ್ಲಿ ಬಂತು. ಮಾರ್ಚ್ 19ರಿಂದ, ಅಂಗಡಿಗಳಿಗೆ ಹೋಗಿ ಧಾರಣೆ ಬರೆದುಕೊಳ್ಳುವ ಸರಕಾರಿ ನೌಕರರ ಭೇಟಿ ನಿಂತಿತು. ದೂರವಾಣಿಯಲ್ಲಿ ವಿಚಾರಿಸಿದಷ್ಟೇ ಬಂತು. ಏಪ್ರಿಲ್ ತಿಂಗಳ ಬೆಲೆ ಸೂಚ್ಯಂಕವನ್ನು ವಾಡಿಕೆಯಂತೆ ಪೂರ್ಣವಾಗಿ ಪ್ರಕಟಿಸಲಾಗಲಿಲ್ಲ. ಆ ವರ್ಷದ ಏಪ್ರಿಲ್-ಜೂನ್ ಅವಧಿಯಲ್ಲಿ ರಾಷ್ಟ್ರೋತ್ಪನ್ನ ಶೇಕಡಾ 23.9 ಕುಸಿಯಿತೆಂದು ಸಾರಿದ ಮೊದಲ ಅಂದಾಜಿನೊಡನೆಯೂ ಮಾಹಿತಿ ಸಂಗ್ರಹಕ್ಕೆ ಅಡ್ಡಿಯಾಗಿತ್ತೆಂಬ ಎಚ್ಚರಿಕೆ ಇತ್ತು. 1918ರ ಹರಿದ ಲೆಕ್ಕವನ್ನು ತಾಳೆ ನೋಡಲು ಮೂರೇ ವರ್ಷದಲ್ಲಿ ಒಂದು ಖಾನೇಷುಮಾರಿ ಒದಗಿತು. 2021ರಲ್ಲಿ ನಡೆಯಬೇಕಾಗಿದ್ದ ಖಾನೇಷುಮಾರಿ ಆ ವರ್ಷ ನಡೆಯಲಿಲ್ಲ.