ದೇವನಹಳ್ಳಿ ಕೋಟೆಯ ಬಾಗಿಲು ತೆರೆದ ಬಗೆ

ನಮ್ಮ ಭಕ್ತಜನರಲ್ಲಿ ಅನೇಕರು ಕಂಡಿರುವ ದೇವನಹಳ್ಳಿಯ ಕೋಟೆ 1749ರಲ್ಲಿ ಮೈಸೂರಿನ ಸೈನ್ಯವನ್ನೇ ತಿಂಗಳುಗಟ್ಟಲೆ ತಡೆದು ನಿಲ್ಲಿಸಿತ್ತು. ಹೈದರನ ಶೌರ್ಯ ಬೆಳಕಿಗೆ ಬಂದುದೂ ಆ ಮುತ್ತಿಗೆಯಲ್ಲಿಯೇ. ಅಂಥ ಕೋಟೆ 1791ರಲ್ಲಿ ಕಾದಾಡದೆ ಆಂಗ್ಲರಿಗೆ ಶರಣಾದುದೇಕೆ? ಉತ್ತರವನ್ನು ನಾವು ಬೆಂಗಳೂರಿನಲ್ಲಿ ಹುಡುಕಬೇಕು.

ಆ ವರ್ಷದ ಮಾರ್ಚ್ 7ರಂದು ಕಾರ್ನ್‌ವಾಲಿಸನ ದಂಡು ಬೆಂಗಳೂರು ಪೇಟೆಯನ್ನು ಹಿಡಿದು, ಬಳಿಕ ಕೋಟೆಯ ಗೋಡೆಗೆ ಫಿರಂಗಿಗಳನ್ನು ತಿರುಗಿಸಿತು. ಟಿಪ್ಪುವಿನ ಸೈನ್ಯ ಹತ್ತಿರದಲ್ಲಿಯೇ ಬೀಡುಬಿಟ್ಟಿತ್ತು. ಆಂಗ್ಲರ ಪಾಳೆಯದಲ್ಲಿ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು, ಇನ್ನು ಕಾಯುವಂತಿರಲಿಲ್ಲ. 21ರ ರಾತ್ರಿ ಸುಮಾರು 11 ಗಂಟೆಗೆ, ಬೆಳದಿಂಗಳಿನಲ್ಲಿ, ಸೈನಿಕರು ಸದ್ದಿಲ್ಲದೆ ಸಾಗಿ ಕುಸಿದ ಗೋಡೆಯನ್ನೇರಿದರು. ಟಿಪ್ಪುವಿನ ನೆರವು ತಲಪುವ ಮೊದಲೇ ಕೋಟೆ ಬಿದ್ದಿತು. ವೃದ್ಧ ಕಿಲ್ಲೇದಾರ ಬಹಾದುರ್ ಖಾನನು ಓಡದೆ ಹೋರಾಡಿ ಮಡಿದನು. ಅವನ ದೇಹವನ್ನು ಒಪ್ಪಿಸಲು ಕಾರ್ನ್‌ವಾಲಿಸ್ ಮುಂದಾದಾಗ, ಬಿದ್ದೆಡೆಯಲ್ಲಿಯೇ ಮಣ್ಣು ಮಾಡುವುದಕ್ಕಿಂತ ಹಿರಿದಾದ ಗೌರವವಿಲ್ಲವೆಂದು ಟಿಪ್ಪು ತಿಳಿಸಿದನು. ವಿಜಯದ ವರದಿಗಳಿಗಿಂತ ಈ ಸಂಗತಿಯೇ ನಮ್ಮ ಮನಸ್ಸನ್ನು ತಟ್ಟುತ್ತದೆ.

ಮಾರ್ಚ್ 28ರಂದು ದಂಡು ನಿಜಾಮನ ಕುದುರೆಪಡೆಯನ್ನು ಕೂಡಿಕೊಳ್ಳಲು ಉತ್ತರಕ್ಕೆ ಹೊರಟಿತು. ಬೆಂಗಳೂರಿನ ಸುದ್ದಿ ಅದಕ್ಕಿಂತ ಮೊದಲೇ ಮುಂದಿನ ಊರುಗಳನ್ನು ಮುಟ್ಟಿರಬೇಕು. ದೇವನಹಳ್ಳಿ, ಚಿಕ್ಕಬಳ್ಳಾಪುರ ಎರಡೂ ಕೋಟೆಗಳು ಬಾಗಿಲು ತೆರೆದವು. ಅವುಗಳಲ್ಲಿ ಮೊದಲನೆಯದು ಟಿಪ್ಪು ಹುಟ್ಟಿದ ಊರು.